‘ರ’ಕಾರದ ತಿಂಗಳುಗಳು: ಗಡಿಕರಾವಳಿಯ ಚಿಪ್ಪುಕಾಲ, ಊಟ ಮತ್ತು ಸುಣ್ಣ

(ಗಡಿನಾಡ ಕನ್ನಡ ಸಮುದಾಯಗಳ ಕುರಿತ ಆನ್‌ಲೈನ್ ವಿಚಾರಸಂಕಿರಣದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದೆ. ಕೊನೆಯಲ್ಲಿ ಪ್ರಶ್ನೋತ್ತರದ ಭಾಗವಿದೆ.)

ಗಡಿನಾಡು ಅಂದ ಕೂಡಲೇ ನಾವು ಶಾಲೆ, ಆಡಳಿತ ಭಾಷೆ, ಮಹಾಜನ ವರದಿ ಇವುಗಳ ಬಗ್ಗೆ ಮಾತಾಡುತ್ತೇವೆ. ಮಾತಾಡಲೇಬೇಕು. ಆದರೆ ಒಂದು ಸಮುದಾಯ ಒಂದು ಜಾಗದಲ್ಲಿ ಬಹುಕಾಲದಿಂದ ನೆಲೆ ನಿಂತಿದೆ ಅಂತ ಹೇಳುವುದಕ್ಕೆ ಇನ್ನೂ ಒಂದು ಬಗೆಯ ಸಾಕ್ಷಿ ಉಂಟು. ಆ ಜಾಗದ ನೀರು, ಮಣ್ಣು, ಮಳೆ ಇವುಗಳ ಲೆಕ್ಕ ಆ ಜನರ ಬಾಯಲ್ಲಿ ಎಷ್ಟು ಇದೆ ಅನ್ನುವುದು. ಇವತ್ತು ನಾನು ತೆಗೆದುಕೊಂಡಿರುವುದು ಅಂಥ ಒಂದು ಸಣ್ಣ ವಸ್ತು: ಚಿಪ್ಪು. ಕಾಸರಗೋಡು ಮುಖ್ಯ, ಗೋವಾ ಸ್ವಲ್ಪ. ಹೋಲಿಕೆಗೆ ದೂರದ ಒಂದು ಕರಾವಳಿಯನ್ನೂ ಮುಟ್ಟಿ ಬರೋಣ.

1. ಹೆಸರುಗಳು

ಮೊದಲು ಹೆಸರು ಬಿಡಿಸಿಕೊಳ್ಳೋಣ. ಪಠ್ಯಪುಸ್ತಕ ಇವನ್ನೆಲ್ಲ ‘ದ್ವಿಕವಾಟಿ ಮೃದ್ವಂಗಿಗಳು’ ಅನ್ನುತ್ತದೆ. ಎರಡು ಬಾಗಿಲಿನ ಮನೆಯಲ್ಲಿ ಇರುವ ಮೆತ್ತನೆಯ ಜೀವಿಗಳು ಅಂತ ಅರ್ಥ. ಆದರೆ ಹೊಳೆಗೆ ಇಳಿಯುವವರು ಯಾರೂ ಹಾಗೆ ಕರೆಯುವುದಿಲ್ಲ. ಅಳಿವೆಯ ಕೆಸರು-ಹೊಯಿಗೆಯಲ್ಲಿ ಹುದುಗಿರುವ ಗುಂಡು ಚಿಪ್ಪು ತುಳುವಿನಲ್ಲಿ ಮರುವಾಯಿ. ಕಾಸರಗೋಡಿನ ಮಲಯಾಳದಲ್ಲಿ ಅದೇ ಎಳಂಬಕ್ಕ. ಕೊಂಕಣಿಯಲ್ಲಿ ಕುಬೆ, ಗೋವಾಕ್ಕೆ ಹೋದರೆ ಇನ್ನೊಂದು ಜಾತಿಗೆ ತಿಸ್ರ್ಯೊ. ಉತ್ತರ ಕನ್ನಡದ ಕಡೆ ಬಳಚು. ಬಂಡೆಗೆ ದಾರದಂಥ ಎಳೆಗಳಿಂದ ಕಟ್ಟಿಕೊಂಡು ಗೊಂಚಲಾಗಿ ಬೆಳೆಯುವ ಹಸಿರಂಚಿನ ಉದ್ದ ಚಿಪ್ಪು ತುಳುವಿಗೆ ಪಚ್ಚಿಲೆ, ಮಲಯಾಳಕ್ಕೆ ಕಡುಕ್ಕ ಅಥವಾ ಕಲ್ಲುಮ್ಮಕ್ಕಾಯ. ಕಲ್ಲಿಗೆ ಒಂದು ಬದಿ ಪೂರ್ತಿ ಅಂಟಿಕೊಂಡು, ಕೈ ಕೊಯ್ಯುವಷ್ಟು ಹರಿತ ಅಂಚು ಇರುವ ಒರಟು ಚಿಪ್ಪು ಉತ್ತರ ಮಲಬಾರಿನಲ್ಲಿ ಮುರು, ಕೊಂಕಣಿಯಲ್ಲಿ ಕಾಲ್ವ. ಇಂಗ್ಲಿಷಿನವರು ಆಯ್ಸ್ಟರ್ ಅನ್ನುವುದು ಈ ಮೂರನೆಯದನ್ನು.

ಇಷ್ಟು ಹೆಸರಿನಲ್ಲಿ ‘ಶುದ್ಧ ಕನ್ನಡ’ದ ಹೆಸರು ಯಾವುದು ಅಂತ ಕೇಳಿದರೆ ಉತ್ತರ ಕಷ್ಟ. ಗ್ರಂಥಸ್ಥ ಕನ್ನಡಕ್ಕೆ ಸಿಂಪಿ ಗೊತ್ತು, ಸ್ವಾತಿ ಮಳೆಯ ಹನಿ ಸಿಂಪಿಯೊಳಗೆ ಬಿದ್ದು ಮುತ್ತಾಗುವ ಕಲ್ಪನೆ ಗೊತ್ತು. ಸೊಲ್ಲಾಪುರ, ಅಕ್ಕಲಕೋಟೆ, ಆದವಾನಿಯ ಕನ್ನಡಿಗರಿಗೆ ಸಿಂಪಿ ಒಂದು ರೂಪಕ. ಕುಂಬಳೆ, ಮಂಜೇಶ್ವರದ ಕನ್ನಡಿಗರಲ್ಲಿ ಬಹಳ ಮಂದಿಗೆ ಅದು ಮಧ್ಯಾಹ್ನದ ಸಾರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಆಡುವ ಮನುಷ್ಯ ಕನ್ನಡ ಮಾತಾಡುವಾಗಲೂ ‘ಮರುವಾಯಿ’ ಅಂತಲೇ ಹೇಳುತ್ತಾನೆ. ಇದನ್ನು ಕನ್ನಡದ ಕೊರತೆ ಅಂತ ನೋಡಬೇಕಾಗಿಲ್ಲ. ಹೆಸರು ಇಟ್ಟವರು ಹೊಳೆಗೆ ಇಳಿದವರು, ಅಷ್ಟೆ. ಈ ಹೆಸರಿನ ವಿಷಯಕ್ಕೆ ಮುಂದೆ ಮತ್ತೆ ಬರಬೇಕಾಗುತ್ತದೆ, ಯಾಕೆಂದರೆ ಒಂದು ಸಾವಿನ ಸಂಗತಿ ಇದಕ್ಕೆ ತಗಲಿಕೊಂಡಿದೆ.

2. ಯಾವಾಗ ತಿನ್ನಬೇಕು?

ಯುರೋಪು, ಅಮೆರಿಕಗಳಲ್ಲಿ ಒಂದು ಹಳೆಯ ನಿಯಮ ಉಂಟು: ಹೆಸರಿನಲ್ಲಿ ‘ಆರ್’ ಅಕ್ಷರ ಇರುವ ತಿಂಗಳಲ್ಲಿ ಮಾತ್ರ ಆಯ್ಸ್ಟರ್ ತಿನ್ನಬೇಕು ಅಂತ. ತಮಾಷೆ ಏನೆಂದರೆ ಇದು ಕನ್ನಡ ಲಿಪಿಯಲ್ಲೂ ಸರಿಹೋಗುತ್ತದೆ. ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಬರೆದು ನೋಡಿ, ಎಂಟರಲ್ಲೂ ‘ರ’ಕಾರ ಎಲ್ಲೋ ಒಂದು ಕಡೆ ಇದ್ದೇ ಇದೆ. ಮೇ, ಜೂನ್, ಜುಲೈ, ಆಗಸ್ಟ್‌ನಲ್ಲಿ ಇಲ್ಲ.

ಅಲ್ಲಿನ ಕಾರಣ ಎರಡು. ಒಂದು, ಆ ನಾಲ್ಕು ತಿಂಗಳು ಅಲ್ಲಿ ಬೇಸಿಗೆ. ಮಂಜುಗಡ್ಡೆ ಪೆಟ್ಟಿಗೆ ಇಲ್ಲದ ಕಾಲದಲ್ಲಿ ಚಿಪ್ಪು ಬೇಗ ಕೆಡುತ್ತಿತ್ತು, ಬೆಚ್ಚಗಿನ ನೀರಿನಲ್ಲಿ ರೋಗಾಣುಗಳೂ ಹೆಚ್ಚು. ಎರಡು, ಅಲ್ಲಿನ ಆಯ್ಸ್ಟರ್ ಬೇಸಿಗೆಯಲ್ಲಿ ಮೊಟ್ಟೆಯಿಡುತ್ತದೆ. ಆಗ ಮೈ ಸೊರಗಿ ಮಾಂಸ ನೀರಾಗಿರುತ್ತದೆ, ಸಂತಾನಕ್ಕೂ ಬಿಡುವು ಬೇಕು.

ನಮ್ಮಲ್ಲಿ ಏನಾಗುತ್ತದೆ? ಚಿಪ್ಪುಕಾಲ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ ಬೀಳುತ್ತದೆ, ಆದರೆ ಕಾರಣ ಪೂರ್ತಿ ಬೇರೆ. ನಮ್ಮ ಪಂಚಾಂಗವನ್ನು ಬರೆಯುವುದು ಮಳೆ. ಕಾಸರಗೋಡು ಜಿಲ್ಲೆಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ, ಎಲ್ಲ ಹೊಳೆಗಳೂ ಸಮುದ್ರಕ್ಕೆ ಓಡುವ ಚಿಕ್ಕ ಹೊಳೆಗಳು. ಮಳೆ ಹಿಡಿದ ಕೆಲವೇ ದಿನದಲ್ಲಿ ಅಳಿವೆಯ ನೀರು ಸಿಹಿಯಾಗುತ್ತದೆ, ಕೆಂಪಾಗುತ್ತದೆ. ಉಪ್ಪು ಹೋದರೆ ಪಚ್ಚಿಲೆ ಬದುಕುವುದಿಲ್ಲ. ಮುರು ಸ್ವಲ್ಪ ಗಟ್ಟಿ, ಬಾಗಿಲು ಮುಚ್ಚಿಕೊಂಡು ಕೆಲವು ದಿನ ತಡೆಯುತ್ತದೆ. ಹೊಳೆಗೆ ಇಳಿಯುವ ಮನುಷ್ಯರಿಗೂ ಆಗ ಅಪಾಯವೇ.

ಮಳೆ ನಿಂತು ಸಮುದ್ರದ ಉಪ್ಪು ಮತ್ತೆ ಅಳಿವೆಗೆ ಏರಿದ ಮೇಲೆ, ನವೆಂಬರ್-ಡಿಸೆಂಬರ್ ಹೊತ್ತಿಗೆ, ಕೇರಳದ ಹಿನ್ನೀರಿನ ಮುರುವಿನ ಮರಿಗಳು ನೆಲೆ ಹುಡುಕಿ ಅಂಟಿಕೊಳ್ಳುತ್ತವೆ. ಅಂದರೆ ಅವರ ‘ತಿನ್ನುವ ತಿಂಗಳು’ ನಮ್ಮ ಮುರುವಿಗೆ ಬಾಣಂತಿ ತಿಂಗಳು. ಆಮೇಲೆ ಬೇಸಿಗೆ ಉದ್ದಕ್ಕೂ ಬೆಳೆದು, ತುಳುವಿನ ಪಗ್ಗು, ಬೇಶ ತಿಂಗಳ ಹೊತ್ತಿಗೆ ಕೊಬ್ಬುತ್ತದೆ. ‘ರ’ಕಾರ ಇಲ್ಲದ ಮೇ ತಿಂಗಳಲ್ಲಿ ಇಲ್ಲಿ ಕೊಯ್ಲಿನ ಗಡಿಬಿಡಿ. ಮೊದಲ ಮಳೆಗೆ ಮುಂಚೆ ತೆಗೆಯಬೇಕು, ಇಲ್ಲದಿದ್ದರೆ ಹೊಳೆ ತೆಗೆದುಕೊಳ್ಳುತ್ತದೆ. ಕಾರ್ತೆಲ್, ಆಟಿ ತಿಂಗಳು ಬಂತೋ, ಮುಗಿಯಿತು. ಮೇಲ್ನೋಟಕ್ಕೆ ಒಂದೇ ತರಹ ಕಾಣುವ ಎರಡು ನಿಯಮಗಳನ್ನು ಅದಲುಬದಲು ಮಾಡಬಾರದು ಅನ್ನುವುದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

3. ಬೆಂಕಿ ಮತ್ತು ಬಾಗಿಲು

ಈಗ ಊಟದ ವಿಷಯ. ಅಮೆರಿಕದ ದಕ್ಷಿಣ ಕೆರೊಲಿನಾ ಕರಾವಳಿಯಲ್ಲಿ ಚಳಿಗಾಲ ಬಂದರೆ ಆಯ್ಸ್ಟರ್ ಸುಡುವ ಸಂತೋಷಕೂಟಗಳು ನಡೆಯುತ್ತವೆ. ಕಟ್ಟಿಗೆಯ ಬೆಂಕಿ ಮೇಲೆ ಕಬ್ಬಿಣದ ತಗಡು, ಅದರ ಮೇಲೆ ಚಿಪ್ಪಿನ ರಾಶಿ, ಅದರ ಮೇಲೆ ಒದ್ದೆ ಗೋಣಿಚೀಲ. ಹೆಸರಿಗೆ ಸುಡುವುದು, ನಿಜದಲ್ಲಿ ಹಬೆಯಲ್ಲಿ ಬೇಯಿಸುವುದು. ಕೆಲವೇ ನಿಮಿಷದಲ್ಲಿ ಚಿಪ್ಪು ಬಾಯಿ ಬಿಡುತ್ತದೆ. ಎಲ್ಲರೂ ಮೇಜಿನ ಸುತ್ತ ನಿಂತು ಮೊಂಡು ಚಾಕುವಿನಿಂದ ಬಿಡಿಸಿ ತಿನ್ನುತ್ತಾರೆ.

ಬಾಯಿ ಯಾಕೆ ಬಿಡುತ್ತದೆ? ಎರಡು ಚಿಪ್ಪುಗಳ ಕೀಲಿನಲ್ಲಿ ರಬ್ಬರಿನಂಥ ಒಂದು ಪಟ್ಟಿ ಇದೆ, ಅದು ಯಾವಾಗಲೂ ಬಾಗಿಲನ್ನು ತೆರೆಯಲು ಒತ್ತುತ್ತಿರುತ್ತದೆ. ಒಳಗಿನ ಸ್ನಾಯು ಬಾಗಿಲನ್ನು ಎಳೆದು ಮುಚ್ಚಿ ಹಿಡಿದಿರುತ್ತದೆ. ಅಂದರೆ ಮುಚ್ಚಿರುವುದಕ್ಕೆ ಜೀವ ಬೇಕು. ಶಾಖಕ್ಕೆ ಸ್ನಾಯು ಸೋತರೆ ಬಾಗಿಲು ತಾನಾಗಿ ತೆರೆಯುತ್ತದೆ. ಬೇಯಿಸುವ ಮೊದಲೇ ಬಾಯಿ ಬಿಟ್ಟು, ತಟ್ಟಿದರೂ ಮುಚ್ಚದ ಚಿಪ್ಪನ್ನು ಎಸೆಯಬೇಕು ಅನ್ನುವ ಮನೆಮಾತಿನ ಹಿಂದೆ ಇರುವುದು ಇದೇ. ಅದು ಆಗಲೇ ಸತ್ತಿರುತ್ತದೆ.

ನಮ್ಮ ಅಡುಗೆಮನೆಯಲ್ಲಿ ಇದೇ ಕೆಲಸ ಪಾತ್ರೆಯಲ್ಲಿ ನಡೆಯುತ್ತದೆ. ಮರುವಾಯಿಯನ್ನು ಮೊದಲು ನೀರಿನಲ್ಲಿ ಬಿಟ್ಟು ಹೊಯಿಗೆ ಕಕ್ಕಿಸುತ್ತಾರೆ. ಆಮೇಲೆ ಪಾತ್ರೆಗೆ ಹಾಕಿ ಮುಚ್ಚಳ ಮುಚ್ಚಿ ಒಲೆಗೆ ಇಟ್ಟರೆ ತನ್ನದೇ ನೀರಿನಲ್ಲಿ ಬೆಂದು ಬಾಯಿ ಬಿಡುತ್ತದೆ. ಆ ನೀರಿಗೆ ಸಮುದ್ರದ ಉಪ್ಪು ಇರುವುದರಿಂದ ಮತ್ತೆ ಉಪ್ಪು ಹಾಕುವಾಗ ಕೈ ಬಿಗಿ ಹಿಡಿಯಬೇಕು. ಒಂದು ಬದಿಯ ಚಿಪ್ಪು ಕಿತ್ತು, ಮಾಂಸ ಇರುವ ಬದಿಯನ್ನು ಹಾಗೆಯೇ ತೆಂಗಿನತುರಿಯ ಮಸಾಲೆಗೆ ಹಾಕಿದರೆ ಸುಕ್ಕ. ಅಕ್ಕಿಯ ಸಣ್ಣ ಉಂಡೆಗಳ ಜೊತೆ ಕುದಿಸಿದರೆ ಮರುವಾಯಿ ಪುಂಡಿ. ಚಂದ್ರಗಿರಿ ದಾಟಿ ದಕ್ಷಿಣಕ್ಕೆ ಹೋದರೆ ಅರಿಕಡುಕ್ಕ: ಪಚ್ಚಿಲೆಯ ಬಾಯಿ ಬಿಡಿಸಿ, ಅಕ್ಕಿ, ತೆಂಗು, ಸಣ್ಣ ಈರುಳ್ಳಿ, ಬಡೆಸೋಂಪು ಅರೆದ ಹಿಟ್ಟು ತುಂಬಿಸಿ, ಹಬೆಯಲ್ಲಿ ಬೇಯಿಸಿ, ಚಿಪ್ಪಿನಿಂದ ತೆಗೆದು ಮೆಣಸಿನ ಮಸಾಲೆ ಸವರಿ ಎಣ್ಣೆಯಲ್ಲಿ ಕರಿಯುತ್ತಾರೆ. ಗೋವಾದಲ್ಲಿ ಕಾಲ್ವಕ್ಕೂ ಶಿಣಾಣ್ಯೊಗೂ ರವೆ ಹೊದಿಸಿ ಹುರಿಯುವುದು ರೂಢಿ. ನಾಲ್ಕು ಭಾಷೆ, ಒಂದೇ ಅಕ್ಕಿ-ತೆಂಗಿನ ಲೋಕ.

ಅರಿಕಡುಕ್ಕದ ಊರಿನಲ್ಲಿ ಇನ್ನೊಂದು ಬೆಳವಣಿಗೆ ಗಮನಿಸಬೇಕು. ಕಾಸರಗೋಡು ಜಿಲ್ಲೆಯ ದಕ್ಷಿಣದಲ್ಲಿ ಪಡನ್ನ, ಚೆರುವತ್ತೂರು, ತೃಕ್ಕರಿಪುರದ ಹಿನ್ನೀರಿನಲ್ಲಿ 1990ರ ದಶಕದ ನಡುವಿನಿಂದ ಪಚ್ಚಿಲೆಯ ಕೃಷಿ ನಡೆಯುತ್ತಿದೆ. ತಂತ್ರಜ್ಞಾನ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯದ್ದು, ಕೈ ಹೆಚ್ಚಾಗಿ ಮಹಿಳಾ ಸ್ವಸಹಾಯ ಗುಂಪುಗಳದ್ದು. ಬಂಡೆಯಿಂದ ತಂದ ಮರಿಗಳನ್ನು ಹಗ್ಗದ ಸುತ್ತ ಹತ್ತಿಯ ಬಲೆಬಟ್ಟೆಯಲ್ಲಿ ಹೊಲಿದು, ಬಿದಿರು ಅಥವಾ ಗಾಳಿಮರದ ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ಬಟ್ಟೆ ಕರಗುವ ಹೊತ್ತಿಗೆ ಮರಿಗಳು ತಮ್ಮದೇ ಎಳೆಗಳಿಂದ ಹಗ್ಗ ಹಿಡಿದಿರುತ್ತವೆ. ನವೆಂಬರ್-ಡಿಸೆಂಬರ್‌ನಲ್ಲಿ ಬಿತ್ತಿದರೆ ಏಪ್ರಿಲ್-ಮೇಯಲ್ಲಿ ಕೊಯ್ಲು. ಮೇವು ಹಾಕಬೇಕಾಗಿಲ್ಲ, ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳನ್ನು ಸೋಸಿಕೊಂಡು ಅವು ಬೆಳೆಯುತ್ತವೆ. ಆದರೆ ಎಲ್ಲರ ಕೊಯ್ಲೂ ಒಂದೇ ಹೊತ್ತಿಗೆ ಬರುತ್ತದೆ, ಮಳೆಯ ಹೆದರಿಕೆಯಿಂದ ಕೊಟ್ಟ ಬೆಲೆಗೆ ಮಾರಬೇಕಾಗುತ್ತದೆ.

4. ಸೋಸುವ ಜೀವಿಯ ಅಪಾಯ: ಕುಂಬಳೆ, 1983

ನೀರು ಸೋಸುವುದೇ ಇವುಗಳ ಹೊಟ್ಟೆಪಾಡು. ಅಮೆರಿಕದ ದೊಡ್ಡ ಆಯ್ಸ್ಟರ್ ಒಂದು ದಿನಕ್ಕೆ ಹೆಚ್ಚೆಂದರೆ 190 ಲೀಟರ್ ನೀರು ಸೋಸಬಲ್ಲದು ಅನ್ನುತ್ತಾರೆ. ಸೋಸಿದ್ದು ಮೈಯಲ್ಲಿ ಸೇರುತ್ತದೆ. ನೀರಿನಲ್ಲಿ ಕೊಳಚೆ ಇದ್ದರೆ ಅದರ ರೋಗಾಣು ಸೇರುತ್ತದೆ. ಚೆನ್ನಾಗಿ ಬೇಯಿಸಿದರೆ ಅದು ಸಾಯುತ್ತದೆ. ಕೃಷಿ ಮಾಡುವಲ್ಲಿ ಒಂದು ದಿನ ಶುದ್ಧೀಕರಿಸಿದ ಕಡಲನೀರಿನಲ್ಲಿ ಇಟ್ಟು ತೊಳೆಯುವ ಕ್ರಮವೂ ಉಂಟು.

ಆದರೆ ಇನ್ನೊಂದು ಬಗೆಯ ವಿಷ ಇದೆ. ಕೆಲವು ಸೂಕ್ಷ್ಮ ಪಾಚಿಗಳು ಒಮ್ಮೊಮ್ಮೆ ನೀರಿನಲ್ಲಿ ಹೆಚ್ಚಾಗುತ್ತವೆ. ಅವು ಉಂಟುಮಾಡುವ ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ಚಿಪ್ಪಿನ ಮಾಂಸದಲ್ಲಿ ಕೂಡಿಕೊಳ್ಳುತ್ತದೆ. ಮಾಂಸದ ವಾಸನೆ, ರುಚಿ, ಬಣ್ಣ ಯಾವುದೂ ಬದಲಾಗುವುದಿಲ್ಲ. ಮುಖ್ಯವಾದ ಮಾತು: ಬೇಯಿಸಿದರೂ ಈ ವಿಷ ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ತುಟಿ, ನಾಲಿಗೆ ಜುಮುಜುಮು ಅನ್ನುತ್ತದೆ, ಕೈಕಾಲು ಸೋಲುತ್ತದೆ, ಹೆಚ್ಚಾದರೆ ಉಸಿರಾಟದ ಸ್ನಾಯು ನಿಲ್ಲುತ್ತದೆ. ಪ್ರತಿವಿಷ ಇಲ್ಲ. ಆಸ್ಪತ್ರೆಯಲ್ಲಿ ಉಸಿರಾಟಕ್ಕೆ ಆಸರೆ ಕೊಟ್ಟು ಉಳಿಸಬೇಕು.

1983ರಲ್ಲಿ ಕುಂಬಳೆ ಅಳಿವೆಯ ಮರುವಾಯಿ ತಿಂದವರಲ್ಲಿ ಇಂಥ ವಿಷಬಾಧೆ ಕಾಣಿಸಿತು. ಹಲವರು ಆಸ್ಪತ್ರೆ ಸೇರಿದರು, ಒಂದು ಸಾವೂ ಸಂಭವಿಸಿತು. ಭಾರತದಲ್ಲಿ ಈ ಬಗೆಯ ವಿಷಬಾಧೆ ದಾಖಲಾದ ಮೊದಮೊದಲ ಪ್ರಕರಣಗಳಲ್ಲಿ ಇದೊಂದು. ಎರಡು ವರ್ಷ ಮುಂಚೆ, 1981ರಲ್ಲಿ, ತಮಿಳುನಾಡಿನಲ್ಲಿ ಮೂವರು ಸತ್ತಿದ್ದರು. 1997ರಲ್ಲಿ ತಿರುವನಂತಪುರದ ಹತ್ತಿರ ವಿಳಿಞಂನಲ್ಲಿ ಪಚ್ಚಿಲೆ ಜಾತಿಯ ಚಿಪ್ಪು ತಿಂದು ಏಳು ಮಂದಿ ಸತ್ತರು.

ಗಡಿನಾಡಿನ ವಿದ್ಯಾರ್ಥಿಗಳಾದ ನಮಗೆ ಕುಂಬಳೆಯ ಪ್ರಕರಣದಲ್ಲಿ ಇನ್ನೊಂದು ಪಾಠ ಇದೆ. ವೈಜ್ಞಾನಿಕ ಬರವಣಿಗೆಯಲ್ಲಿ ಅದು ಮಂಗಳೂರಿನ ಹೆಸರಿನಲ್ಲಿ ದಾಖಲಾಗಿದೆ, ಕೆಲವು ಪಟ್ಟಿಗಳಲ್ಲಿ ಕರ್ನಾಟಕ ಅಂತಲೇ ಬರುತ್ತದೆ. ಕುಂಬಳೆ 1956ರ ನವೆಂಬರ್ 1ರಿಂದ ಕೇರಳದಲ್ಲಿದೆ. ಅಧ್ಯಯನ ಮಂಗಳೂರಿನಲ್ಲಿ ನಡೆದದ್ದು ಸಹಜ, ಹತ್ತಿರದ ಪ್ರಯೋಗಾಲಯ ಅದೇ. ಆದರೆ ಕೇರಳದ ಪಟ್ಟಿ ನೋಡುವವನಿಗೆ ಈ ಘಟನೆ ಕಾಣುವುದಿಲ್ಲ, ಕರ್ನಾಟಕದ ಪಟ್ಟಿ ನೋಡುವವನಿಗೆ ಸ್ಥಳ ತಪ್ಪುತ್ತದೆ. ಹೊಳೆ ಒಂದು ರಾಜ್ಯದಲ್ಲಿ, ದಾಖಲೆ ಇನ್ನೊಂದರಲ್ಲಿ. ನಡುವೆ ತಿನ್ನುವ ಮನುಷ್ಯ.

ಹೆಸರಿನ ವಿಷಯಕ್ಕೆ ಮತ್ತೆ ಬರುತ್ತೇನೆ ಅಂದೆನಲ್ಲ, ಇಲ್ಲಿ ಬರಬೇಕು. ನಾಳೆ ಯಾರಾದರೂ ‘ದ್ವಿಕವಾಟಿಗಳನ್ನು ಸೇವಿಸಬೇಡಿ’ ಅಂತ ಅಚ್ಚಗನ್ನಡದಲ್ಲೋ ಅಚ್ಚ ಮಲಯಾಳದಲ್ಲೋ ಪ್ರಕಟಣೆ ಹೊರಡಿಸಿದರೆ ಕುಂಬಳೆಯ ಅಮ್ಮನಿಗೆ ಅದು ತನ್ನ ಬುಟ್ಟಿಯ ಬಗ್ಗೆ ಅಂತ ಗೊತ್ತಾಗುವುದು ಹೇಗೆ? ಎಚ್ಚರಿಕೆಯಲ್ಲಿ ಮರುವಾಯಿ, ಎಳಂಬಕ್ಕ, ಕುಬೆ ಮೂರೂ ಇರಬೇಕು. ಪದಕೋಶದ ಕೆಲಸ ಜೀವ ಉಳಿಸುವ ಕೆಲಸವೂ ಆಗಬಲ್ಲದು.

5. ತಿನ್ನದವರ ಮನೆಗೂ ಚಿಪ್ಪು

ಇದುವರೆಗೆ ತಿನ್ನುವವರ ಕತೆ. ಆದರೆ ಕಾಸರಗೋಡಿನ ಕನ್ನಡಿಗರಲ್ಲಿ ಮರುವಾಯಿ ಮುಟ್ಟದ ಮನೆಗಳೂ ಬಹಳ. ಆ ಮನೆಗಳಿಗೆ ಚಿಪ್ಪು ಇನ್ನೊಂದು ರೂಪದಲ್ಲಿ ಬರುತ್ತದೆ, ಸುಣ್ಣವಾಗಿ.

ಚಿಪ್ಪಿನಲ್ಲಿ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ ಇದ್ದಲಿನ ಜೊತೆ ಪದರ ಪದರವಾಗಿ ಒಟ್ಟಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಶುದ್ಧ ಕಾರ್ಬೊನೇಟ್ 100 ಕಿಲೊ ಸುಟ್ಟರೆ 56 ಕಿಲೊ. ಅದಕ್ಕೆ ನೀರು ಹಾಕಿದರೆ ಬಿಸಿಯಾಗಿ, ಉಬ್ಬಿ, ಪುಡಿಯಾಗಿ ಅರಳುತ್ತದೆ. ಅದು ಗೋಡೆಗೆ ಬಳಿಯಲು, ಗಾರೆಗೆ, ಎಲೆ-ಅಡಿಕೆಗೆ. ಎಲ್ಲಕ್ಕಿಂತ ದೊಡ್ಡ ಬಳಕೆ ಅಡಿಕೆ ತೋಟದಲ್ಲಿ.

ಅಡಿಕೆಯ ಕೊಳೆರೋಗ ಮಳೆಗಾಲದ ರೋಗ. ಅದಕ್ಕೆ ಮದ್ದು ಬೋರ್ಡೋ ದ್ರಾವಣ: 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ, 100 ಲೀಟರ್ ನೀರು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಈ ರೋಗದ ಮೇಲೆ ಕೆಲಸ ಮಾಡಿ ಸಿಂಪಡಣೆಯನ್ನು ರೂಢಿಗೆ ತಂದರು. ಸುಣ್ಣ ಕಲ್ಲಿನದ್ದೂ ಆಗಬಹುದು, ಆದರೆ ನಮ್ಮ ಕಡೆಯ ಕೃಷಿಕರು ಇವತ್ತಿಗೂ ಚಿಪ್ಪಿನ ಸುಣ್ಣ ಕೇಳಿ ತರುವುದುಂಟು. ಮೊದಲ ಸಿಂಪಡಣೆ ಮಳೆ ಹಿಡಿಯುವ ಹೊತ್ತಿಗೆ, ಎರಡನೆಯದು 40-45 ದಿನ ಬಿಟ್ಟು.

ಎರಡು ಪಂಚಾಂಗಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಪಗ್ಗು-ಬೇಶದಲ್ಲಿ ಹೊಳೆಯಿಂದ ಚಿಪ್ಪು ಮೇಲೆ ಬರುತ್ತದೆ, ಬಿಸಿಲಿನಲ್ಲಿ ಒಣಗಿ ಗೂಡಿಗೆ ಹೋಗುತ್ತದೆ. ಹೊಳೆಯ ಕೆಲಸ ಮುಗಿಸುವ ಅದೇ ಮಳೆ ತೋಟದಲ್ಲಿ ಸುಣ್ಣದ ಕೆಲಸ ಶುರು ಮಾಡಿಸುತ್ತದೆ. ಸೊಂಟಮಟ್ಟ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕಿದ ಹೆಂಗಸಿಗೂ ಹೊಳೆ ಕಡೆ ಮುಖ ಹಾಕದ ತೋಟದ ಯಜಮಾನರಿಗೂ ನಡುವೆ ಹೀಗೊಂದು ಸಂಬಂಧ. ಅಡಿಕೆಯ ಆರ್ಥಿಕತೆ ಬಗ್ಗೆ ಬರೆಯುವಾಗ ಈ ಹೆಂಗಸನ್ನು ಲೆಕ್ಕಕ್ಕೆ ಹಿಡಿಯುವುದು ಅಪರೂಪ.

6. ಕಿಟಕಿಯ ಚಿಪ್ಪು

ಗೋವಾದಲ್ಲಿ ಚಿಪ್ಪಿನ ಕುಶಲಕಲೆಗೆ ಬೇರೆಯೇ ಎತ್ತರ ಸಿಕ್ಕಿತು. ಪ್ಲಕೂನಾ ಪ್ಲಸೆಂಟಾ ಎಂಬ ಜಾತಿಯ ಚಿಪ್ಪು ತಟ್ಟೆಯಂತೆ ಚಪ್ಪಟೆ, ಬೆಳಕು ಹಾಯುವಷ್ಟು ತೆಳು. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಅದನ್ನು ಚೌಕವಾಗಿ ಕತ್ತರಿಸಿ, ಗಾಡಿ ಕೊರೆದ ಮರದ ಪಟ್ಟಿಗಳ ನಡುವೆ ಸಿಕ್ಕಿಸಿ ಕಿಟಕಿ ಮಾಡಿದರು. ಪೋರ್ಚುಗೀಸ್ ಹೆಸರು ಕರೆಪಾ. ಬಿಸಿಲಿನ ಚುಚ್ಚು ತಡೆದು ಹಾಲಿನಂಥ ಬೆಳಕನ್ನು ಒಳಗೆ ಬಿಡುತ್ತದೆ. ಹಳೆಯ ಗೋವಾ ಮನೆಗಳಲ್ಲಿ ಈಗಲೂ ನೋಡಬಹುದು. ಆ ಚಿಪ್ಪು ಸಿಗುತ್ತಿದ್ದದ್ದು ಜುವಾರಿ ನದಿಯ ಅಳಿವೆಯಲ್ಲಿ, ಚಿಕಾಲಿಂ ಕೊಲ್ಲಿಯ ಕಡೆ, ಅಂದರೆ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿರುವ ವಾಸ್ಕೊದ ಮಗ್ಗುಲಲ್ಲೇ. ಇವತ್ತು ಆ ಜಾತಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸಂರಕ್ಷಿತ. ಹಳೆಯ ಕಿಟಕಿ ರಿಪೇರಿ ಮಾಡುವವರು ಕಳಚಿದ ಮನೆಗಳ ಹಳೆಯ ಚಿಪ್ಪನ್ನೇ ಹುಡುಕಬೇಕು.

7. ಚಿಪ್ಪು ಯಾರದ್ದು?

ಇಲ್ಲೊಂದು ನಿಜವಾದ ಇಕ್ಕಟ್ಟು ಇದೆ. ಮುರುವಿನ ಮರಿ ಎರಡು-ಮೂರು ವಾರ ಈಜಿ ಆಮೇಲೆ ಗಟ್ಟಿ ನೆಲೆ ಹುಡುಕುತ್ತದೆ. ಅದಕ್ಕೆ ಬಹಳ ಇಷ್ಟದ ನೆಲೆ ಹಳೆಯ ಮುರುವಿನ ಖಾಲಿ ಚಿಪ್ಪು. ಕೃಷಿಯಲ್ಲೂ ಮರಿ ಹಿಡಿಯಲು ಖಾಲಿ ಚಿಪ್ಪುಗಳನ್ನೇ ದಾರಕ್ಕೆ ಪೋಣಿಸಿ ಇಳಿಬಿಡುತ್ತಾರೆ. ನಾವು ಸುಣ್ಣಕ್ಕೆ ಸುಟ್ಟ, ಅಲಂಕಾರಕ್ಕೆ ಕೊರೆದ ಪ್ರತಿ ಚಿಪ್ಪೂ ಮುಂದಿನ ತಲೆಮಾರಿನ ತೊಟ್ಟಿಲು. ದಕ್ಷಿಣ ಕೆರೊಲಿನಾದಲ್ಲಿ ಇದನ್ನು ಅರಿತು ಸಂತೋಷಕೂಟದ ಚಿಪ್ಪುಗಳನ್ನು ಸಂಗ್ರಹಿಸಿ, ಒಣಗಿಸಿ, ಚೀಲ ತುಂಬಿ ಹೊಳೆಯ ದಡಕ್ಕೆ ಮರಳಿಸುತ್ತಾರೆ.

ನಮ್ಮಲ್ಲಿ ಅದನ್ನು ಹಾಗೆಯೇ ನಕಲು ಮಾಡಲಾಗದು, ಸುಣ್ಣದಿಂದ ಹೊಟ್ಟೆ ಹೊರೆಯುವವರು ಇದ್ದಾರೆ. ಆದರೆ ಮಿತಿ ಹಾಕಿಕೊಂಡು ಉಳಿಸಿದ ಉದಾಹರಣೆ ಕೇರಳದಲ್ಲೇ ಇದೆ. ಕೊಲ್ಲಂನ ಅಷ್ಟಮುಡಿ ಕಾಯಲಿನಲ್ಲಿ 1991ರಲ್ಲಿ ಸುಮಾರು 10,000 ಟನ್ ಇದ್ದ ಚಿಪ್ಪಿನ ಹಿಡುವಳಿ 1993ರ ಹೊತ್ತಿಗೆ ಅರ್ಧಕ್ಕೆ ಇಳಿಯಿತು. ಆಮೇಲೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ರಜೆ, ಬಲೆಯ ಕಣ್ಣಿಗೆ ಕನಿಷ್ಠ ಅಳತೆ ಇತ್ಯಾದಿ ನಿಯಮಗಳು ಬಂದವು. 2014ರಲ್ಲಿ ಅದು ಅಂತರರಾಷ್ಟ್ರೀಯ ಸುಸ್ಥಿರತೆಯ ಪ್ರಮಾಣಪತ್ರ ಪಡೆದ ಭಾರತದ ಮೊದಲ ಮೀನುಗಾರಿಕೆಯಾಯಿತು. ರಜೆಯ ತಿಂಗಳು ಗಮನಿಸಿ: ಡಿಸೆಂಬರ್, ಜನವರಿ, ಫೆಬ್ರವರಿ. ಮೂರರಲ್ಲೂ ‘ರ’ಕಾರ! ನಮ್ಮ ಹೊಳೆ ನಮ್ಮದೇ ಲೆಕ್ಕ ಕೇಳುತ್ತದೆ.

ಪ್ರಶ್ನೋತ್ತರ

ಪ್ರಶ್ನೆ (ಚಾಟ್‌ನಲ್ಲಿ, ಒಬ್ಬ ವಿದ್ಯಾರ್ಥಿನಿ): ಹಾಗಾದರೆ ಮರುವಾಯಿ ತಿನ್ನುವುದೇ ಅಪಾಯವಾ ಸರ್?

ಉತ್ತರ: ಹಾಗೆ ಹೆದರಬೇಡಿ. ಇಷ್ಟು ತಲೆಮಾರು ತಿಂದಿದ್ದಾರೆ, ದಾಖಲಾದ ಘಟನೆಗಳು ಬೆರಳೆಣಿಕೆ. ನೀರಿನ ಬಣ್ಣ ಅಸಹಜವಾಗಿ ಬದಲಾದಾಗ, ಮೀನು ಸತ್ತು ತೇಲಿದಾಗ ಹೆಕ್ಕಬಾರದು. ಬಣ್ಣ ಬದಲಾಗದೆಯೂ ವಿಷ ಇರಬಹುದು, ಆದ್ದರಿಂದ ತಿಂದ ಮೇಲೆ ತುಟಿ ಜುಮುಗುಟ್ಟಿದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು, ಏನು ತಿಂದದ್ದು ಅಂತ ಡಾಕ್ಟರಿಗೆ ಹೇಳಬೇಕು. ರಫ್ತಾಗುವ ಸರಕಿಗೆ ಪರೀಕ್ಷೆ ಉಂಟು. ಮನೆಬಾಗಿಲಿಗೆ ಬರುವ ಬುಟ್ಟಿಗೆ ಆ ಚೀಟಿ ಇರುವುದಿಲ್ಲ. ಅದನ್ನು ಕೇಳುವುದು ನಮ್ಮ ಹಕ್ಕು.

ಪ್ರಶ್ನೆ (ಒಬ್ಬ ಅಧ್ಯಾಪಕರು): ಒಳನಾಡಿನ ಗಡಿ ಸಮುದಾಯಗಳಿಗೆ, ತಾಳವಾಡಿ, ಮಡಕಶಿರಾ ಅಂಥ ಕಡೆಯವರಿಗೆ, ಈ ಅಧ್ಯಯನದಿಂದ ಏನು ಪ್ರಯೋಜನ?

ಉತ್ತರ: ವಸ್ತು ಬೇರೆ, ವಿಧಾನ ಒಂದೇ ಸರ್. ಅಲ್ಲಿ ಚಿಪ್ಪಿನ ಬದಲು ರಾಗಿ ಇರಬಹುದು, ಸೀಗೆ ಇರಬಹುದು, ಹುಣಸೆ ಇರಬಹುದು. ಅದಕ್ಕೆ ಎಷ್ಟು ಹೆಸರು, ಯಾವ ತಿಂಗಳು, ಯಾರ ಕೈ, ದಾಖಲೆ ಯಾವ ರಾಜ್ಯದಲ್ಲಿ, ಈ ನಾಲ್ಕು ಪ್ರಶ್ನೆ ಕೇಳಿದರೆ ಸಾಕು.

ಪ್ರಶ್ನೆ: ನಾವು ವಿದ್ಯಾರ್ಥಿಗಳು ಮೊದಲು ಏನು ಮಾಡಬಹುದು?

ಉತ್ತರ: ನಿಮ್ಮ ಹತ್ತಿರದ ಅಳಿವೆಗೆ ಹೋಗಿ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ನೀರು ಚೆನ್ನಾಗಿ ಇಳಿಯುತ್ತದೆ, ಆಗ ಹೆಕ್ಕುವವರು ಸಿಗುತ್ತಾರೆ. ಅವರು ಹೇಳುವ ಹೆಸರನ್ನು ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ. ಯಾವ ಚಿಪ್ಪು, ಯಾವ ತಿಂಗಳು, ಯಾರಿಗೆ ಮಾರುತ್ತಾರೆ, ಖಾಲಿ ಚಿಪ್ಪು ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ಹೊಳೆ ಯಾವ ರಾಜ್ಯದ್ದು ಅನ್ನುವುದನ್ನೂ ಸರಿಯಾಗಿ ನಮೂದಿಸಿ.